ವಿಕ್ಟೋರಿಯಾ ಆಸ್ಪತ್ರೆಗೆ ಸೇರಿಸೋದಾ, ಬೇಡ್ವಾ? ಒಳಗಿನ ವ್ಯವಸ್ಥೆ ಗೊತ್ತಿರುವವರು ಹೇಳಿ

ಹೂವಿನ ಸಾಲು

ಎಲ್ಲರಿಗೂ ನಮಸ್ಕಾರ. ಕೆ.ಆರ್. ಮಾರ್ಕೆಟ್‌ನಲ್ಲಿ ನಮ್ಮದು ಹೂವಿನ ವ್ಯಾಪಾರ. ನಮ್ಮ ಸಾಲಿನಲ್ಲಿ ಮೂಟೆ ಇಳಿಸುವ ಒಬ್ಬರಿದ್ದಾರೆ, ಯಾದಗಿರಿ ಕಡೆಯವರು, ವಯಸ್ಸು ಐವತ್ತು ದಾಟಿದೆ. ಸಕ್ಕರೆ ಕಾಯಿಲೆ ಇದೆ, ಆದರೆ ಮಾತ್ರೆ ಬಿಟ್ಟು ಬಹಳ ಕಾಲ ಆಗಿದೆ. ಬಲಗಾಲಿನ ಹೆಬ್ಬೆರಳ ಕೆಳಗೆ ಗಾಯ. ನೋವೇ ಇಲ್ಲ ಅನ್ನುತ್ತಾರೆ, ಆದರೆ ಪಕ್ಕ ನಿಂತರೆ ವಾಸನೆ ಬರುತ್ತದೆ. ಈಗ ಬೆರಳು ಕಪ್ಪಗಾಗುತ್ತಿದೆ. ಇಷ್ಟು ದಿನ ಅರಿಶಿನ ಮೆತ್ತಿ, ಅದರ ಮೇಲೆ ಬಟ್ಟೆ ಸುತ್ತಿಕೊಂಡು ಓಡಾಡಿದ್ದಾರೆ.

ವಿಕ್ಟೋರಿಯಾ ನಮಗೆ ರಸ್ತೆ ದಾಟಿದರೆ ಸಿಗುತ್ತದೆ. ಆದರೆ ಮನುಷ್ಯ ಒಪ್ಪುತ್ತಿಲ್ಲ. "ಅಲ್ಲಿ ಹುಡುಗರು ಕಲಿಯಾಕ ನಮ್ಮ ಕಾಲು ಕೊಯ್ತಾರ" ಅಂತ ಯಾರೋ ತಲೆಗೆ ತುಂಬಿದ್ದಾರೆ. ಖಾಸಗಿ ನರ್ಸಿಂಗ್ ಹೋಮ್‌ನಲ್ಲಿ ಕೇಳಿದರೆ ಅಡ್ವಾನ್ಸೇ ಅವರ ಕೈಗೆ ಎಟುಕುವ ಹಾಗಿಲ್ಲ. ಹೆಂಡತಿ ಮಕ್ಕಳು ಊರಲ್ಲಿದ್ದಾರೆ. ಇಲ್ಲಿ ನಾವೇ ನಾಲ್ಕು ಜನ. ಇಂಥ ಬೋಧನಾ ಆಸ್ಪತ್ರೆ, ಅಂದರೆ ಮೆಡಿಕಲ್ ಕಾಲೇಜಿನವರು ಕಲಿಯುವ ಆಸ್ಪತ್ರೆ, ನಿಜವಾಗಿ ಒಳಗೆ ಹೇಗಿರುತ್ತದೆ? ಸುಮ್ನೆ ಹೆದರಿಸಬೇಡಿ, ಗೊತ್ತಿದ್ದರೆ ಹೇಳಿ.

ಜಗಲಿ ಕಟ್ಟೆ

ನನ್ನ ಅನುಭವ ಹೇಳುತ್ತೇನೆ, ಆಸ್ಪತ್ರೆ ಹೆಸರು ಬೇಡ. ಒಂದು ಸರ್ಕಾರಿ ಬೋಧನಾ ಆಸ್ಪತ್ರೆಯಲ್ಲಿ ನಮ್ಮ ಮಾವನನ್ನು ಸೇರಿಸಿದ್ದೆವು. ಬೆಳಿಗ್ಗೆ ಒಬ್ಬ ಹುಡುಗ ಬಂದು ಎಲ್ಲಾ ಕೇಳಿ ಬರೆದುಕೊಂಡ. ಮಧ್ಯಾಹ್ನ ಇನ್ನೊಬ್ಬಳು ಬಂದು ಅದೇ ಪ್ರಶ್ನೆ. ಸಂಜೆ ಮತ್ತೊಬ್ಬರು. ದೊಡ್ಡ ಡಾಕ್ಟರು ಯಾರು ಅಂತ ಕೊನೆವರೆಗೂ ಗೊತ್ತಾಗಲಿಲ್ಲ. ಸ್ಕ್ಯಾನ್ ರಿಪೋರ್ಟ್ ಎಲ್ಲೋ ಕಳೆದುಹೋಗಿ ಮತ್ತೆ ಮಾಡಿಸಿದರು. ಮಾವ ಗುಣವಾಗಿ ಮನೆಗೆ ಬಂದರು, ಅದು ನಿಜ. ಆದರೆ ನಮ್ಮ ಜೀವ ಹಿಂಡಿ ಹಿಪ್ಪೆಯಾಯಿತು. ಸಾಲ ಮಾಡಿಯಾದರೂ ಖಾಸಗಿಗೆ ಹೋಗಿ ಅನ್ನುತ್ತೇನೆ ನಾನು.

ನೈಟ್ ಡ್ಯೂಟಿ

ನಾನು ಬೆಂಗಳೂರಿನ ಒಂದು ಬೋಧನಾ ಆಸ್ಪತ್ರೆಯಲ್ಲಿ ಸರ್ಜರಿ ಪಿಜಿ, ಅಂದರೆ ಎಂಬಿಬಿಎಸ್ ಮುಗಿಸಿ ಸರ್ಜರಿ ಕಲಿಯುತ್ತಿರುವ ಡಾಕ್ಟರ್. ಹೂವಿನ ಸಾಲು ಅವರೇ, ಮೊದಲು ಒಂದು ಮಾತು. ಇದು ಒಪಿಡಿ (ಹೊರರೋಗಿ ವಿಭಾಗ) ದಿನ ನೋಡಿ ಹೋಗುವ ಕೇಸ್ ಅಲ್ಲ. ಕಪ್ಪು ಬೆರಳು, ವಾಸನೆ, ಸಕ್ಕರೆ. ಇವು ಮೂರೂ ಇದ್ದರೆ ಇವತ್ತೇ ಕ್ಯಾಶುವಾಲ್ಟಿಗೆ (ತುರ್ತು ಚಿಕಿತ್ಸಾ ವಿಭಾಗ) ಕರೆದುಕೊಂಡು ಹೋಗಿ. ಈ ಥ್ರೆಡ್ ಆಮೇಲೆ ಓದಿ.

ನೋವಿಲ್ಲ ಅಂತ ಅವರು ಹೇಳುವುದು ಸುಳ್ಳಲ್ಲ. ಸಕ್ಕರೆ ಜಾಸ್ತಿ ಇದ್ದು ಇದ್ದು ಪಾದದ ನರಗಳಿಗೆ ಸ್ಪರ್ಶವೇ ಹೋಗಿರುತ್ತದೆ. ಮೊಳೆ ಚುಚ್ಚಿದರೂ ಗೊತ್ತಾಗಲ್ಲ. ನೋವಿಲ್ಲ, ಹಾಗಾಗಿ ಕೆಲಸ ನಿಲ್ಲಲ್ಲ. ಕೆಲಸ ನಿಲ್ಲದೆ ಗಾಯದ ಮೇಲೆ ಮೂಟೆ ಭಾರ ಬೀಳುತ್ತಲೇ ಇರುತ್ತದೆ. ಒಳಗೆ ಕೀವು ಮೇಲಕ್ಕೆ ಹತ್ತುತ್ತದೆ. ಸರ್ಕಾರಿ ಆಸ್ಪತ್ರೆಗಳ ಸರ್ಜರಿ ವಾರ್ಡಿಗೆ ಬಂದು ನೋಡಿ, ಇಂಥ ಕಾಲುಗಳು ಯಾವಾಗಲೂ ಇರುತ್ತವೆ. ಹಮಾಲರು, ಗಾರೆ ಕೆಲಸದವರು, ಆಟೋದವರು, ಪೌರಕಾರ್ಮಿಕರು. ಬೇಗ ಬಂದವರದು ಬೆರಳಲ್ಲಿ ಮುಗಿಯುತ್ತದೆ. ತಡ ಮಾಡಿದವರದು ಮೊಣಕಾಲಿನ ಕೆಳಗೆ ಹೋಗುತ್ತದೆ. ಕಾಲು ಹೋಗುವುದು ಹುಡುಗರು ಕಲಿಯಲಿ ಅಂತಲ್ಲ, ಅರಿಶಿನ ಮೆತ್ತಿಕೊಂಡು ಕಳೆದ ದಿನಗಳಿಂದ.

ಈಗ ಜಗಲಿ ಕಟ್ಟೆ ಅವರ ಮಾತಿಗೆ. ಒಂದೇ ಪ್ರಶ್ನೆ ಮೂರು ಜನ ಕೇಳುವುದು ಬೇಜಾರು, ಒಪ್ಪುತ್ತೇನೆ. ಆದರೆ ಅದು ಹೇಗೆ ಕೆಲಸ ಮಾಡುತ್ತದೆ ಕೇಳಿ. ಪ್ರತಿ ವಿಭಾಗದಲ್ಲೂ ಯೂನಿಟ್‌ಗಳಿರುತ್ತವೆ. ಯೂನಿಟ್‌ಗೆ ಒಬ್ಬ ಪ್ರೊಫೆಸರ್ ಮುಖ್ಯಸ್ಥರು, ಕೆಳಗೆ ಅಸೋಸಿಯೇಟ್, ಅಸಿಸ್ಟೆಂಟ್ ಪ್ರೊಫೆಸರ್, ಪಿಜಿ ಮುಗಿಸಿದ ಸೀನಿಯರ್ ರೆಸಿಡೆಂಟ್. ಆಮೇಲೆ ನಾವು ಪಿಜಿಗಳು, ಮೂರು ವರ್ಷದ ಕೋರ್ಸ್. ನಮ್ಮ ಕೆಳಗೆ ಇಂಟರ್ನ್‌ಗಳು, ಎಂಬಿಬಿಎಸ್ ಓದು ಮುಗಿಸಿ ಒಂದು ವರ್ಷ ಆಸ್ಪತ್ರೆಯಲ್ಲಿ ಕೆಲಸ ಕಲಿಯುವವರು. ಜೊತೆಗೆ ಪುಸ್ತಕ ಹಿಡಿದು ಬರುವ ಎಂಬಿಬಿಎಸ್ ಮಕ್ಕಳು. ಮೊದಲು ಕೇಳಿದವನು ಇಂಟರ್ನ್ ಇರಬೇಕು. ಎರಡನೆಯವರು ಪಿಜಿ, ಅವನು ಬಿಟ್ಟದ್ದನ್ನು ಹಿಡಿಯಲು. ಮರುದಿನ ರೌಂಡ್ಸ್‌ನಲ್ಲಿ, ಅಂದರೆ ಹಾಸಿಗೆಯಿಂದ ಹಾಸಿಗೆಗೆ ರೋಗಿಗಳನ್ನು ನೋಡುತ್ತಾ ಹೋಗುವಾಗ, ಪ್ರೊಫೆಸರ್ ಮುಂದೆ ಪಿಜಿ ನಿಂತು ಕೇಸ್ ಒಪ್ಪಿಸಬೇಕು. ಒಂದು ವಿಷಯ ತಪ್ಪಿದರೆ ಎಲ್ಲರ ಮುಂದೆ ಮಂಗಳಾರತಿ. ಆ ಹೆದರಿಕೆಯಿಂದಲೇ ಎಷ್ಟೋ ರೋಗಗಳು ಸಿಕ್ಕಿಬಿದ್ದಿವೆ.

ಚಾಕು ಹಿಡಿಯುವುದು ಇಂಟರ್ನ್ ಅಲ್ಲ. ಡ್ರೆಸಿಂಗ್, ರಕ್ತ ತೆಗೆಯುವುದು, ಕ್ಯಾತಿಟರ್ (ಮೂತ್ರದ ನಳಿಕೆ) ಹಾಕುವುದು ಅವನ ಪಾಲಿಗೆ. ಆಪರೇಷನ್ ಮಾಡುವವರು ಅರ್ಹ ಸರ್ಜನ್, ಅಥವಾ ಅವರ ಕಣ್ಣ ಮುಂದೆ ಪಿಜಿ. ನಾವು ಕಲಿಯುತ್ತೇವೆ, ಮುಚ್ಚಿಡುವುದೇನೂ ಇಲ್ಲ. ಖಾಸಗಿ ಆಸ್ಪತ್ರೆಯಲ್ಲಿ ನಿಮಗೆ ಸಿಗುವ ಸರ್ಜನ್ ಕೂಡ ಇಂಥದ್ದೇ ಒಂದು ವಾರ್ಡಿನಲ್ಲಿ ಕಲಿತು ಬಂದವರು.

ಹೂವಿನ ಸಾಲು

ಡಾಕ್ಟ್ರೇ, ಥ್ಯಾಂಕ್ಸ್. ನಿಮ್ಮ ಮೊದಲ ಎರಡು ಪ್ಯಾರಾ ಅವರಿಗೆ ಓದಿ ಹೇಳಿದೆ. ಬೆರಳಲ್ಲಿ ಮುಗಿಯುತ್ತೆ ಅಂದಿದ್ದು ಕೇಳಿ ಸ್ವಲ್ಪ ಮೆತ್ತಗಾದರು. ಆಟೋ ಕರೆಸಿದ್ದೇವೆ. ಏನೇನು ತಗೊಂಡು ಹೋಗಬೇಕು?

ನೈಟ್ ಡ್ಯೂಟಿ

ಆಧಾರ್, ರೇಷನ್ ಕಾರ್ಡ್, ಎರಡರದ್ದೂ ಜೆರಾಕ್ಸ್ ಜಾಸ್ತಿನೇ ಇರಲಿ. ಆಧಾರ್‌ಗೆ ಜೋಡಿಸಿದ ಮೊಬೈಲ್. ಹಳೇ ಚೀಟಿ ಏನಿದ್ದರೂ. ಒಂದು ಬೆಡ್‌ಶೀಟ್, ನೀರಿನ ಬಾಟಲ್, ಲೋಟ, ತಟ್ಟೆ. ಮುಖ್ಯವಾಗಿ, ಜೊತೆಗೆ ಒಬ್ಬ ಮನುಷ್ಯ. ಓಡಾಡುವ ಶಕ್ತಿ ಇರುವ ಮನುಷ್ಯ.

ಕೋಟೆ ಕಥೆ

ಅವರು ಹೊರಟಿದ್ದಾರೆ ಅಲ್ವಾ, ಅಷ್ಟರಲ್ಲಿ ಸ್ವಲ್ಪ ಹಳೇ ಕಥೆ. ವಿಕ್ಟೋರಿಯಾಕ್ಕೆ ಅಡಿಗಲ್ಲು ಬಿದ್ದದ್ದು 1897ರ ಜೂನ್ 22ರಂದು. ಇಟ್ಟವರು ಆಗ ರಾಜ್ಯ ನೋಡಿಕೊಳ್ಳುತ್ತಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ. ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದು ಅರವತ್ತು ವರ್ಷವಾದ ನೆನಪಿಗೆ ಆ ಹೆಸರು. ಕಟ್ಟಡ ಏಳುವ ಮೊದಲೇ 1898ರಲ್ಲಿ ಊರಿಗೆ ಪ್ಲೇಗ್ ನುಗ್ಗಿತು. ಪೇಟೆ ಜನ ಮನೆ ಬಿಟ್ಟು ಓಡಿದರು. 1900ರ ಡಿಸೆಂಬರ್ 8ರಂದು ವೈಸ್‌ರಾಯ್ ಕರ್ಜನ್ ಬಂದು ಆಸ್ಪತ್ರೆ ಉದ್ಘಾಟಿಸಿದರು. ಆಗ 140 ಹಾಸಿಗೆ. ಮಾರ್ಕೆಟ್ ಹತ್ತಿರ ಕರೆಂಟಿನ ಬೀದಿ ದೀಪ ಹತ್ತಿದ್ದು 1905ರಲ್ಲಿ. ಅಂದರೆ ಬೀದಿ ದೀಪಕ್ಕಿಂತ ಮೊದಲು ಆಸ್ಪತ್ರೆ ಬಂದಿತ್ತು.

ಮೆಡಿಕಲ್ ಕಾಲೇಜಿನದ್ದು ಬೇರೆ ಕಥೆ. 1924ರಲ್ಲಿ ಬೆಂಗಳೂರಿನಲ್ಲೇ ಒಂದು ಶುರುವಾಗಿ 1930ರಲ್ಲಿ ಮೈಸೂರಿಗೆ ಹೋಯಿತು, ಈಗಿನ ಮೈಸೂರು ಮೆಡಿಕಲ್ ಕಾಲೇಜು ಅದೇ. ಇಲ್ಲಿ ಬೆಂಗಳೂರು ಮೆಡಿಕಲ್ ಕಾಲೇಜು ಬಂದದ್ದು 1955ರಲ್ಲಿ. ಈಗ ವರ್ಷಕ್ಕೆ 250 ಎಂಬಿಬಿಎಸ್ ಸೀಟು. ಕಣ್ಣಿಗೆ ಮಿಂಟೋ, ಹೆಂಗಸರಿಗೂ ಮಕ್ಕಳಿಗೂ 1935ರ ವಾಣಿ ವಿಲಾಸ, ಎಲ್ಲಾ ಒಂದೇ ಸುತ್ತಿನಲ್ಲಿ. ಜಯದೇವ ಹೃದ್ರೋಗ ಸಂಸ್ಥೆ ಕೂಡ 1979ರಲ್ಲಿ ಶುರುವಾದದ್ದು ಈ ವಿಕ್ಟೋರಿಯಾ ಆವರಣದಲ್ಲೇ.

ಜಗಲಿ ಕಟ್ಟೆ

ಸ್ವಾಮಿ, ಅಲ್ಲಿ ಕಾಲು ಕೊಳೆಯುತ್ತಿದೆ, ಇಲ್ಲಿ ನಿಮ್ಮದು ಕರ್ಜನ್ ಕಥೆ!

ಕೋಟೆ ಕಥೆ

ಆಟೋ ಕಲಾಸಿಪಾಳ್ಯ ಟ್ರಾಫಿಕ್‌ನಲ್ಲಿ ಸಿಕ್ಕಿದೆ ಅಂದುಕೊಳ್ಳಿ. 😄

ನಿವೃತ್ತ ಸಿಸ್ಟರ್

ನಾನು ಮೂವತ್ತು ವರ್ಷದ ಮೇಲೆ ಸರ್ಕಾರಿ ವಾರ್ಡ್‌ಗಳಲ್ಲಿ ಸ್ಟಾಫ್ ನರ್ಸ್ ಆಗಿದ್ದೆ. ಡಾಕ್ಟರ್ ಮಗು "ಓಡಾಡುವ ಮನುಷ್ಯ ಬೇಕು" ಅಂತ ಒಂದೇ ಸಾಲಿನಲ್ಲಿ ಮುಗಿಸಿದೆ. ಈ ಇಡೀ ವ್ಯವಸ್ಥೆಯ ಗುಟ್ಟು ಅಲ್ಲೇ ಇರುವುದು.

ನಮ್ಮ ದೊಡ್ಡಾಸ್ಪತ್ರೆಗಳಲ್ಲಿ ಡಾಕ್ಟರಿಗೆ ಬರವಿಲ್ಲ. ಕಾಲಿಗೆ ಬರ. ಇಂಟರ್ನ್ ರಕ್ತ ತೆಗೆದು ಟ್ಯೂಬಿಗೆ ಪ್ಲಾಸ್ಟರ್ ಅಂಟಿಸಿ ಹೆಸರು ಬರೆಯುತ್ತಾನೆ. ಅದನ್ನು ಲ್ಯಾಬಿಗೆ ಕೊಂಡೊಯ್ಯುವವರು ಯಾರು? ಅಟೆಂಡರ್ ಒಬ್ಬ, ವಾರ್ಡು ಎರಡು. ಹಾಗಾಗಿ ಟ್ಯೂಬ್ ರೋಗಿ ಕಡೆಯವರ ಕೈಗೆ ಬರುತ್ತದೆ. "ಇದನ್ನ ಕೊಟ್ಟು ಬನ್ನಿ, ಸಂಜೆ ಹೋಗಿ ರಿಪೋರ್ಟ್ ತಗೊಂಡು ಬನ್ನಿ." ಎಕ್ಸ್‌ರೇಗೆ ಟ್ರಾಲಿ ತಳ್ಳುವವರು ಅವರೇ. ರಕ್ತ ಬೇಕಾದರೆ ದಾನಿ ಹುಡುಕುವವರೂ ಅವರೇ. ಡ್ರಿಪ್ ಮುಗಿಯುತ್ತಿದೆ ಅಂತ ರಾತ್ರಿ ಎರಡು ಗಂಟೆಗೆ ಬಂದು ನಮ್ಮನ್ನು ಕೂಗುವವರೂ ಅವರೇ. ಒಬ್ಬ ಸಿಸ್ಟರ್ ಇಡೀ ವಾರ್ಡ್ ನೋಡುವಾಗ, ಯಾರ ಪಕ್ಕ ಮನುಷ್ಯರಿದ್ದಾರೋ ಅವರ ಡ್ರಿಪ್ ಸರಿಯಾದ ಸಮಯಕ್ಕೆ ಬದಲಾಗುತ್ತದೆ. ಹೇಳಲು ಕಷ್ಟ ಆಗುತ್ತದೆ, ಆದರೆ ನಡೆಯುವುದು ಹೀಗೇ.

ಪಕ್ಕದಲ್ಲಿ ಯಾರೂ ಇಲ್ಲದವರ ಗತಿ ನೋಡಿದ್ದೇನೆ. ಬಿಹಾರದಿಂದ ಬಂದ ಕಟ್ಟಡ ಕೆಲಸದ ಹುಡುಗ, ಮೇಸ್ತ್ರಿ ಸೇರಿಸಿ ಹೋಗಿಬಿಟ್ಟಿರುತ್ತಾನೆ. ಫುಟ್‌ಪಾತಿನ ಅಜ್ಜಿ. ಅವರ ಫೈಲ್ ತೆಳ್ಳಗಿರುತ್ತದೆ, ಯಾಕೆಂದರೆ ರಿಪೋರ್ಟ್ ತರಲು ಹೋದವರಿಲ್ಲ. ಎಷ್ಟೋ ಸಲ ಪಕ್ಕದ ಹಾಸಿಗೆಯವರ ಮಗನೇ ಇವರ ಟ್ಯೂಬನ್ನೂ ತಗೊಂಡು ಹೋಗುತ್ತಾನೆ. ವಾರ್ಡಿನಲ್ಲಿ ಉರ್ದು ಮಾತಾಡುವ ಅಮ್ಮ ತಮಿಳಿನ ಮುದುಕನಿಗೆ ಗಂಜಿ ಕುಡಿಸುವುದು ನನಗೆ ವಿಶೇಷ ಅಂತ ಅನ್ನಿಸುವುದೇ ನಿಂತುಹೋಗಿತ್ತು. ಒಳ್ಳೆಯದೇ. ಆದರೆ ಸರ್ಕಾರ ಸಂಬಳ ಕೊಟ್ಟು ಮಾಡಿಸಬೇಕಾದ ಕೆಲಸ ಅದು.

ಜಗಲಿ ಕಟ್ಟೆ

ಸಿಸ್ಟರ್, ನನ್ನ ಸಿಟ್ಟು ಇದೇ ಆಗಿತ್ತು, ಮಾತಲ್ಲಿ ಹೇಳಲು ಬಂದಿರಲಿಲ್ಲ. ಮಾವನ ಜೊತೆ ಇರಲು ನಾನು ಕೆಲಸಕ್ಕೆ ರಜಾ ಹಾಕಿದೆ. ದಿನಗೂಲಿಯವನು ಹೇಗೆ ಹಾಕುತ್ತಾನೆ? ಬೆಡ್ ಫ್ರೀ, ಆಪರೇಷನ್ ಫ್ರೀ ಅಂತೀರಿ. ಮನೆಯ ಒಬ್ಬನ ದುಡಿಮೆ ಪೂರ್ತಿ ಹೋಗುತ್ತಲ್ಲ, ಅದರ ಲೆಕ್ಕ ಯಾರ ಬಿಲ್ಲಿನಲ್ಲೂ ಇರಲ್ಲ.

ತುಮಕೂರಿನಾಕೆ

ಕಲಿಯುವ ಮಕ್ಕಳ ವಿಷಯಕ್ಕೆ ವಾಪಸ್ ಬರುತ್ತೇನೆ. ನನ್ನ ತಂಗಿಗೆ ಬಸುರಿನಲ್ಲಿ ಬಿಪಿ ಏರಿ ಜಿಲ್ಲೆಯಿಂದ ಬೆಂಗಳೂರಿನ ಒಂದು ದೊಡ್ಡಾಸ್ಪತ್ರೆಗೆ ರೆಫರ್ ಮಾಡಿದರು. ಜೀವ ಉಳಿಸಿದರು, ತಾಯಿ ಮಗು ಇಬ್ಬರದ್ದೂ. ಆ ಋಣ ಇದೆ. ಆದರೆ ಪರೀಕ್ಷೆ ಮಾಡುವಾಗ ಪರದೆ ಸರಿಸಿದ ಹಾಗೇ ಇತ್ತು. ಸುತ್ತ ಆರೇಳು ಹುಡುಗ ಹುಡುಗಿಯರು. ಒಬ್ಬರೂ "ಇವರು ನೋಡಬಹುದಾ ಅಮ್ಮ" ಅಂತ ಕೇಳಲಿಲ್ಲ. ದುಡ್ಡು ಕೊಡದವಳ ಮೈ ಪಾಠದ ಬೋರ್ಡ್ ಅಂತ ಅಂದುಕೊಂಡಿದ್ದಾರಾ? ಅವಳು ಇವತ್ತಿಗೂ ಅದನ್ನೇ ಹೇಳುತ್ತಾಳೆ, ಹೆರಿಗೆ ನೋವಿನ ವಿಷಯ ಹೇಳಲ್ಲ.

ನೈಟ್ ಡ್ಯೂಟಿ

ತುಮಕೂರಿನಾಕೆ ಅವರೇ, ಇದಕ್ಕೆ ಸಮಜಾಯಿಷಿ ಕೊಡಲ್ಲ. ಕೇಳಬೇಕು. ಒಪ್ಪದಿದ್ದರೆ ಬಿಡಬೇಕು, ಚಿಕಿತ್ಸೆ ಒಂದು ಚೂರೂ ಕಡಿಮೆಯಾಗಬಾರದು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ರೋಗಿಗಳ 17 ಹಕ್ಕುಗಳ ಪಟ್ಟಿ ಮಾಡಿತು. ಖಾಸಗಿತನ, ಒಪ್ಪಿಗೆ, ಎರಡೂ ಅದರಲ್ಲಿವೆ. ಹಕ್ಕು ಕಾಗದದಲ್ಲಿದೆ, ಪರದೆ ಎಳೆಯುವವರು ಬೇಕು. ನಮ್ಮ ಒಬ್ಬ ಮೇಡಂ ಇದ್ದರು. ರೌಂಡ್ಸ್‌ನಲ್ಲಿ ಮೊದಲು ರೋಗಿಯ ಹೆಸರು ಹಿಡಿದು ಮಾತಾಡಿಸಿ, "ಈ ಮಕ್ಕಳಿಗೆ ನೀವು ಪಾಠ ಹೇಳಿಕೊಡಬೇಕು, ಆಗಬಹುದಾ?" ಅಂತ ಕೇಳುತ್ತಿದ್ದರು. ಹೆಚ್ಚಿನವರು ಹೂಂ ಅನ್ನುತ್ತಿದ್ದರು. ಉಹೂಂ ಅಂದವರ ಹಾಸಿಗೆ ದಾಟಿ ಮುಂದೆ ಹೋಗುತ್ತಿದ್ದೆವು. ಕೇಳಲು ಅರ್ಧ ನಿಮಿಷ ಸಾಕು. ಒಪಿಡಿಯಲ್ಲಿ ಇನ್ನೂರು ಜನ ನಿಂತಾಗ ಆ ಅರ್ಧ ನಿಮಿಷವನ್ನೇ ಮೊದಲು ಕತ್ತರಿಸುತ್ತಾರೆ, ಅದೇ ಸಮಸ್ಯೆ.

ನಿವೃತ್ತ ಸಿಸ್ಟರ್

ತಂಗಿಯ ಪಕ್ಕ ಗಟ್ಟಿ ದನಿಯ ಒಬ್ಬಳು ಅತ್ತೆಯೋ ಅಕ್ಕನೋ ನಿಂತಿದ್ದರೆ ಪರದೆ ತಾನಾಗಿ ಮುಚ್ಚಿರುತ್ತಿತ್ತು. ಹೆರಿಗೆ ವಾರ್ಡಿನೊಳಗೆ ಆ ಜೊತೆಯವರನ್ನೇ ಹೊರಗೆ ಕಳಿಸಿಬಿಡುತ್ತಾರೆ. ಕೆಲಸಕ್ಕೆ ಬೇಕಾದಾಗ ಕರೆಯುವುದು, ಮಾತಾಡುವ ಹೊತ್ತಿಗೆ ಹೊರಗೆ ನಿಲ್ಲಿಸುವುದು.

ಆಲಪ್ಪುಳ ಟು ಬೆಂಗಳೂರು

ನಾನು ಮಲಯಾಳಿ, ಇಲ್ಲಿ ಪಿಜಿ ಮಾಡುತ್ತಿದ್ದೇನೆ. ನನ್ನ ಕನ್ನಡದಲ್ಲಿ ತಪ್ಪಿದ್ದರೆ ತಿದ್ದಿ. ಸರ್ಕಾರಿ ಕಾಲೇಜುಗಳಲ್ಲಿ ಪಿಜಿಯ ಅರ್ಧ ಸೀಟು, ಎಂಬಿಬಿಎಸ್‌ನ ಶೇ. 15 ಸೀಟು ಅಖಿಲ ಭಾರತ ಕೋಟಾಕ್ಕೆ ಹೋಗುತ್ತದೆ. ಹಾಗಾಗಿ ರಾಜಸ್ಥಾನ, ಯುಪಿ, ಕೇರಳ, ಆಂಧ್ರ ಎಲ್ಲಾ ಕಡೆಯವರು ಬರುತ್ತೇವೆ. ಮೊದಲ ತಿಂಗಳು ರೋಗಿ ಏನು ಹೇಳುತ್ತಾರೆ ಅಂತ ಅರ್ಥವಾಗದೆ ಇಂಟರ್ನ್ ಹಿಂದೆ ಹಿಂದೆ ಓಡುತ್ತಿದ್ದೆ. ಬೆಂಗಳೂರು ಕನ್ನಡ ಸ್ವಲ್ಪ ಕಲಿತೆ ಅನ್ನುವಷ್ಟರಲ್ಲಿ ರಾಯಚೂರಿನವರು ಬಂದು ಎಲ್ಲಾ ಹೊಸದಾಯಿತು. ಜೊತೆಗೆ ಶಿವಾಜಿನಗರದ ಉರ್ದು, ತಮಿಳು, ತೆಲುಗು. ನನಗೆ ಕನ್ನಡ ಕಲಿಸಿದವರು ವಾರ್ಡಿನ ಆಯಾಗಳು ಮತ್ತು ರೋಗಿಗಳ ಕಡೆಯವರು. 2019ರ ಹೊಸ ಎಂಬಿಬಿಎಸ್ ಪಠ್ಯದಲ್ಲಿ ಶುರುವಿನ ಫೌಂಡೇಶನ್ ಕೋರ್ಸ್‌ನಲ್ಲೇ ಸ್ಥಳೀಯ ಭಾಷೆ ಸೇರಿದೆ. ನಮ್ಮಂಥ ಪಿಜಿಗಳಿಗೂ ಹಾಗೆ ಕೂರಿಸಿ ಕಲಿಸಿದರೆ ಒಳ್ಳೆಯದು.

ಕರುನಾಡ ಕಂದ

ಒಳ್ಳೆಯದು ಅಂತಲ್ಲ, ಕಡ್ಡಾಯ ಮಾಡಬೇಕು. ರೋಗಿಗೆ ಅರ್ಥವಾಗದ ಭಾಷೆಯಲ್ಲಿ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಹಾಕಿಸಿಕೊಂಡರೆ ಅದು ಒಪ್ಪಿಗೆಯಾ? ನಾಡಿನ ದುಡ್ಡಲ್ಲಿ ನಡೆಯುವ ಆಸ್ಪತ್ರೆ ಇದು.

ನೈಟ್ ಡ್ಯೂಟಿ

ಒಪ್ಪಿಗೆ ಪತ್ರದ ಮಾತು ನೂರಕ್ಕೆ ನೂರು ಸರಿ. ಆದರೆ ಭಾಷೆಯ ಸಿಟ್ಟು ಎಲ್ಲಿಗೆ ಹೋಗಬಹುದು ಅಂತಲೂ ನೋಡಿದ್ದೇವೆ. 2019ರ ಜುಲೈಯಲ್ಲಿ ಮಿಂಟೋದಲ್ಲಿ ಕಣ್ಣಿನ ಪೊರೆ ಆಪರೇಷನ್ ಆದ ಹಲವರ ದೃಷ್ಟಿಗೆ ತೊಂದರೆಯಾಯಿತು. ಬಳಸಿದ ಔಷಧದ ಮೇಲೆ ಅನುಮಾನ ಬಂತು. ನವೆಂಬರ್‌ನಲ್ಲಿ ಪರಿಹಾರ ಕೇಳಲು ಕನ್ನಡ ಸಂಘಟನೆಯವರು ಬಂದಾಗ ಕಿರಿಯ ವೈದ್ಯರ ಜೊತೆ ಗಲಾಟೆ ಆಯಿತು. ಕನ್ನಡ ಮಾತಾಡಲಿಲ್ಲ ಅಂತ ಒಂದು ಕಡೆ, ಹಲ್ಲೆ ಆಯಿತು ಅಂತ ಇನ್ನೊಂದು ಕಡೆ. ಮುಷ್ಕರ ಹಬ್ಬಿತು, ಒಪಿಡಿಗಳು ನಿಂತವು. ಕಣ್ಣು ಕಳೆದುಕೊಂಡವರ ವಿಷಯ ಹಿಂದೆ ಬಿತ್ತು. ವೈದ್ಯಕೀಯ ಸಿಬ್ಬಂದಿ ಮೇಲಿನ ಹಲ್ಲೆ ತಡೆಯಲು ರಾಜ್ಯದಲ್ಲಿ 2009ರಿಂದಲೇ ಕಾನೂನಿದೆ. ಕಾನೂನು ಇದ್ದೂ ಕ್ಯಾಶುವಾಲ್ಟಿಯಲ್ಲಿ ಮೊದಲ ಏಟು ತಿನ್ನುವವರು ಅಲ್ಲಿ ನಿಂತಿರುವ ಪಿಜಿ, ಇಂಟರ್ನ್‌ಗಳು. ಬೆಡ್ ಇಲ್ಲದಿರುವುದಕ್ಕೆ ಅವರು ಕಾರಣವಲ್ಲ, ಆದರೆ ಎದುರಿಗೆ ಸಿಗುವವರು ಅವರೇ.

ಬೈಕ್ ಸವಾರ

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಆಕ್ಸಿಡೆಂಟ್ ಕೇಸ್ ಆದರೆ ಪೊಲೀಸ್ ಬರುವವರೆಗೂ ಮುಟ್ಟಲ್ಲ ಅಂತಾರಲ್ಲ, ನಿಜವಾ?

ನೈಟ್ ಡ್ಯೂಟಿ

ಇಲ್ಲ. ಮೊದಲು ಜೀವ, ಆಮೇಲೆ ಎಂಎಲ್‌ಸಿ (ಪೊಲೀಸ್ ಕೇಸಿನ ದಾಖಲೆ). 1989ರಲ್ಲೇ ಪರಮಾನಂದ ಕಟಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸರ್ಕಾರಿ, ಖಾಸಗಿ ಇಬ್ಬರಿಗೂ ಅನ್ವಯ.

ಕಾರ್ಡು ಕಾಗದ

ಆಸ್ಪತ್ರೆಗಳಲ್ಲಿ ಬಡ ರೋಗಿಗಳಿಗೆ ಕಾಗದಪತ್ರ ಮಾಡಿಸಿಕೊಡುವ ಕೆಲಸ ನನ್ನದು, ಒಂದು ಸಣ್ಣ ಗುಂಪಿನ ಜೊತೆ. ಹೂವಿನ ಸಾಲು ಅವರಿಗೆ ಉಪಯೋಗ ಆಗುವುದನ್ನು ಹೇಳುತ್ತೇನೆ.

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ಚಿಕಿತ್ಸೆ. 2018ರಲ್ಲಿ ಬಂದ ಯೋಜನೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ (ಯೋಜನೆಯಲ್ಲಿ ಆ ಚಿಕಿತ್ಸೆಗೆ ಗೊತ್ತುಮಾಡಿದ ದರ) ಶೇ. 30ರಷ್ಟು ಸರ್ಕಾರ ಕೊಡುತ್ತದೆ, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಮೊದಲು ಸರ್ಕಾರಿ ಆಸ್ಪತ್ರೆ. ಅಲ್ಲಿ ಆಗದಿದ್ದರೆ ಅವರು ರೆಫರಲ್ ಕೊಟ್ಟರೆ ಯೋಜನೆಗೆ ಸೇರಿದ ಖಾಸಗಿಗೆ ಹೋಗಬಹುದು. ತುರ್ತು ಚಿಕಿತ್ಸೆಗಳ ಒಂದು ಪಟ್ಟಿ ಇದೆ, ಅದಕ್ಕೆ ರೆಫರಲ್ ಬೇಡ. ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳಲು ಆರೋಗ್ಯ ಮಿತ್ರ ಅಂತ ಒಬ್ಬರು ಕೂತಿರುತ್ತಾರೆ. ಸೇರಿಸಿದ ಮರುದಿನವೇ ಅವರನ್ನು ಹಿಡಿಯಿರಿ, ಡಿಸ್ಚಾರ್ಜ್ ದಿನ ಅಲ್ಲ.

ಕೆಲಸ ಕೆಡುವುದು ಸಣ್ಣ ಸಣ್ಣದರಲ್ಲಿ. ರೇಷನ್ ಕಾರ್ಡಿನಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು. ಓಟಿಪಿ ಹೋಗುವ ಸಿಮ್ ಎರಡು ವರ್ಷದ ಹಿಂದೆಯೇ ಬಂದ್. ಕಾರ್ಡ್ ಊರಲ್ಲಿ ಹೆಂಡತಿಯ ಟ್ರಂಕಿನಲ್ಲಿ. ಬೇರೆ ರಾಜ್ಯದವರದು ಇನ್ನೂ ಕಷ್ಟ. ಆಯುಷ್ಮಾನ್ ಭಾರತ್‌ಗೆ ಸೇರಿದ ರಾಜ್ಯವಾದರೆ ಅವರ ಕಾರ್ಡ್ ಇಲ್ಲೂ ನಡೆಯಬೇಕು. ಪಶ್ಚಿಮ ಬಂಗಾಳ 2019ರ ಜನವರಿಯಲ್ಲೇ ಹೊರಗೆ ಹೋಗಿತ್ತು. ಹಾಗಾಗಿ ಮಾರತ್ತಹಳ್ಳಿ ಕಡೆಯ ಗುಡಿಸಲುಗಳಿಂದ ಬಂದ ಬಂಗಾಳಿ ಕೆಲಸಗಾರರ ಕೇಸ್ ಬಂದಾಗ ನಮಗೆ ತಲೆಬಿಸಿ ಆಗುತ್ತಿತ್ತು. ಕೊನೆಗೆ ಯೂನಿಟ್‌ನವರೇ ಸೂಪರಿಂಟೆಂಡೆಂಟ್ ಹತ್ತಿರ ಶುಲ್ಕ ಮನ್ನಾ ಬರೆಸಿಕೊಂಡು ಬರುತ್ತಿದ್ದರು. ಆ ಪತ್ರ ಹಿಡಿದು ಮಹಡಿ ಹತ್ತಿ ಇಳಿಯುವವರೂ ಪಿಜಿಗಳೇ. ಅವರಿಗೆ ಯಾರೂ ಹೇಳಿಕೊಡದ ಪಾಠ ಅದು.

ಜಗಲಿ ಕಟ್ಟೆ

ಫ್ರೀ ಅಂತೀರಿ, 2024ರ ಕೊನೆಯಲ್ಲಿ ಒಪಿಡಿ ಚೀಟಿ 10ರಿಂದ 20 ರೂಪಾಯಿ ಮಾಡಿದರಲ್ಲ?

ಕಾರ್ಡು ಕಾಗದ

ಹೌದು, ಒಳರೋಗಿ ನೋಂದಣಿ 25ರಿಂದ 50 ಆಯಿತು. ಆಗ ವಿಧಾನಸೌಧದವರೆಗೂ ಗದ್ದಲ ಎದ್ದಿತ್ತು. ನಿಜ ಹೇಳಬೇಕಂದರೆ ನಮ್ಮ ಹತ್ತಿರ ಬರುವವರು ಹತ್ತು ರೂಪಾಯಿ ಜಾಸ್ತಿಯಾಯಿತು ಅಂತ ಅಳುವುದಿಲ್ಲ. ಆವತ್ತಿನ ಕೂಲಿ, ಬಸ್ಸು, ಹೊರಗೆ ಬರೆದುಕೊಟ್ಟ ಇಂಜೆಕ್ಷನ್, ಜೊತೆಯವನ ಊಟ. ಇದರಲ್ಲಿ ಹೋಗುವುದು ನೂರುಗಟ್ಟಲೆ.

ಹೂವಿನ ಸಾಲು

ಸುದ್ದಿ ಇದೆ. ಅಡ್ಮಿಟ್ ಆಗಿದ್ದಾರೆ. ಸಕ್ಕರೆ 400ರ ಮೇಲಿತ್ತಂತೆ. ರಾತ್ರಿಯೇ ಗಾಯ ಬಿಡಿಸಿ ಕೀವು ತೆಗೆದರು. ಹೆಬ್ಬೆರಳು ಮತ್ತು ಪಕ್ಕದ ಬೆರಳು ತೆಗೆಯಬೇಕಾಯಿತು. ಕಾಲು ಉಳಿಯುತ್ತೆ ಅಂದಿದ್ದಾರೆ, ರಕ್ತ ಓಡಾಟ ನೋಡಲು ಡಾಪ್ಲರ್ ಸ್ಕ್ಯಾನ್ ಮಾಡಿಸಿದರು.

ಬೆಳಿಗ್ಗೆ ಡ್ರೆಸಿಂಗ್ ಮಾಡುವಾಗ ನಾನಿದ್ದೆ. ಒಬ್ಬಳು ಚಿಕ್ಕ ಹುಡುಗಿ, ಇಂಟರ್ನ್ ಇರಬೇಕು. ಹಳೇ ಗಾಜ್ ಒಣಗಿ ಅಂಟಿಕೊಂಡಿತ್ತು. ಎಳೆಯಲಿಲ್ಲ. ಸಲೈನ್ ಸುರಿದು ನೆನೆಸಿ, ಕಾದು, ಒಂದೊಂದೇ ಪದರ ಬಿಡಿಸಿದಳು. ವಾಸನೆಗೆ ನಾನು ಮುಖ ತಿರುಗಿಸಿದೆ, ಅವಳು ತಿರುಗಿಸಲಿಲ್ಲ. ಬುಡದ ಮಾಂಸ ಕೆಂಪಗೆ ಇದೆಯಾ ಅಂತ ಬಗ್ಗಿ ನೋಡಿ, ಪಿಜಿಯನ್ನು ಕೂಗಿ ತೋರಿಸಿ, ಮತ್ತೆ ಕಟ್ಟಿದಳು. ನಮ್ಮ ಮನುಷ್ಯ ಇಡೀ ಹೊತ್ತು ಅವಳ ಮುಖವನ್ನೇ ನೋಡುತ್ತಿದ್ದ. ಆಮೇಲೆ "ಆ ಹುಡುಗಿ ನಾಳೆನೂ ಬರ್ತಾಳೇನ್ರಿ?" ಅಂತ ನನ್ನ ಕೇಳಿದ. ಕಲಿಯುವ ಹುಡುಗರು ಅಂತ ಹೆದರಿದ್ದವನೇ!

ಆದರೆ ಸಿಸ್ಟರ್ ಹೇಳಿದ್ದು ಅಕ್ಷರಶಃ ನಿಜ. ಒಂದು ದಿನಕ್ಕೆ ಎಷ್ಟು ಸಲ ಮೆಟ್ಟಿಲು ಹತ್ತಿದೆವೋ ಲೆಕ್ಕವಿಲ್ಲ. ಮಾರ್ಕೆಟ್‌ನವರು ಪಾಳಿ ಹಾಕಿಕೊಂಡಿದ್ದೇವೆ. ಹೂವಿನ ವ್ಯಾಪಾರ ಬೆಳಗಿನ ಜಾವ, ಹಾಗಾಗಿ ರಾತ್ರಿ ಕೂರಲು ಜನ ಸಿಗುತ್ತಿಲ್ಲ. ಹೆಂಡತಿ ಬರುವುದು ಶನಿವಾರ. ಪಕ್ಕದ ಹಾಸಿಗೆಯವರು ಗೌರಿಬಿದನೂರಿನ ಒಂದು ಸಾಬರ ಕುಟುಂಬ. ಅವರೇ ನಿನ್ನೆ ರಾತ್ರಿ ಇವರ ಡ್ರಿಪ್ ನೋಡಿಕೊಂಡರು.

ನೈಟ್ ಡ್ಯೂಟಿ

ಎರಡು ಬೆರಳಲ್ಲಿ ಮುಗಿದಿದ್ದರೆ ಸಮಾಧಾನ. ಈಗ ಮುಂದಿನದ್ದು. ಡಿಸ್ಚಾರ್ಜ್ ಚೀಟಿಯಲ್ಲಿ ಯೂನಿಟ್ ಯಾವುದು, ಅವರ ಒಪಿಡಿ ವಾರದ ಯಾವ ದಿನ ಅಂತ ಬರೆದಿರುತ್ತಾರೆ. ಅದೇ ದಿನ ಬನ್ನಿ. ಬೇರೆ ದಿನ ಬಂದರೆ ಬೇರೆ ಯೂನಿಟ್ ಇರುತ್ತದೆ, ಎಲ್ಲಾ ಮೊದಲಿನಿಂದ ಹೇಳಬೇಕು. ಜಗಲಿ ಕಟ್ಟೆ ಅವರಿಗೆ ದೊಡ್ಡ ಡಾಕ್ಟರು ಸಿಗದೇ ಹೋದದ್ದಕ್ಕೆ ಅರ್ಧ ಕಾರಣ ಇದೇ ಇರಬಹುದು, ಯಾರೂ ಹೇಳಿರಲ್ಲ.

ದಿನದ ಡ್ರೆಸಿಂಗ್‌ಗೆ ದೊಡ್ಡಾಸ್ಪತ್ರೆ ಬೇಡ. ಅವರಿರುವ ಕಡೆ "ನಮ್ಮ ಕ್ಲಿನಿಕ್" ಅನ್ನುವ ಸರ್ಕಾರಿ ಕ್ಲಿನಿಕ್ ಇದೆಯಾ ನೋಡಿ. 2022ರ ಡಿಸೆಂಬರ್‌ನಿಂದ ಶುರುವಾದವು, ಸಕ್ಕರೆ ಮಾತ್ರೆಯೂ ಅಲ್ಲೇ ಸಿಗುತ್ತದೆ. ಎಂಸಿಆರ್ ಚಪ್ಪಲಿ ಅಂತ ಕೇಳಿ, ಮೆತ್ತನೆ ರಬ್ಬರಿನದ್ದು. ಬರಿಗಾಲಲ್ಲಿ ಒಂದು ಹೆಜ್ಜೆಯೂ ಬೇಡ, ಮನೆಯೊಳಗೂ. ಮತ್ತೆ ಮೂಟೆ ಹೊರುವ ಕೆಲಸ... ಅದನ್ನು ಬಿಡಿ ಅಂತ ಬರೆದುಕೊಡುವುದು ನಮಗೆ ಸುಲಭ.

ಹೂವಿನ ಸಾಲು

ಅದನ್ನೇ ಯೋಚನೆ ಮಾಡುತ್ತಿದ್ದೇವೆ. ಕೂತು ಹೂ ಅಳೆಯುವ, ಲೆಕ್ಕ ಬರೆಯುವ ಕೆಲಸ ಕೊಡಬಹುದು. ಕೂಲಿ ಕಡಿಮೆ ಬೀಳುತ್ತೆ ಅಂತ ಅವರ ಗೊಣಗಾಟ ಈಗಲೇ ಶುರು.

ಜಗಲಿ ಕಟ್ಟೆ

ಶನಿವಾರದವರೆಗೆ ರಾತ್ರಿ ಯಾರೂ ಇಲ್ಲ ಅಂದಿರಲ್ಲ. ನಾನು ಚಾಮರಾಜಪೇಟೆಯಲ್ಲೇ ಇರುವುದು. ಗುರುವಾರ ರಾತ್ರಿ ನಾನು ಬರುತ್ತೇನೆ, ಶುಕ್ರವಾರ ನೋಡೋಣ. ವಾರ್ಡ್ ನಂಬರ್, ಹಾಸಿಗೆ ನಂಬರ್ ಇನ್‌ಬಾಕ್ಸ್‌ಗೆ ಹಾಕಿ. ಇಲ್ಲಿ ಎಲ್ಲರ ಮುಂದೆ ಬೇಡ.

ನಿವೃತ್ತ ಸಿಸ್ಟರ್

ಸೊಳ್ಳೆ ಬತ್ತಿ ಒಳಗೆ ಬಿಡಲ್ಲ, ಮೈಗೆ ಹಚ್ಚುವುದು ತಗೊಂಡು ಹೋಗಿ. ಫೋನ್ ಚಾರ್ಜರ್ ಕೈಯಲ್ಲೇ ಇರಲಿ, ಮರೆತು ಬಿಟ್ಟರೆ ಸಿಗಲ್ಲ. ಹತ್ತು ಗಂಟೆಗೆ ಡ್ಯೂಟಿ ಸಿಸ್ಟರ್‌ಗೆ ಒಮ್ಮೆ ಮುಖ ತೋರಿಸಿ, ಇಂಥ ಹಾಸಿಗೆಯವರ ಕಡೆಯವನು ಅಂತ ಹೇಳಿಬಿಡಿ. ಇನ್ಸುಲಿನ್ ಕೊಟ್ಟ ಮೇಲೆ ಅವರು ಊಟ ಮಾಡಿದರಾ ಅಂತ ತಪ್ಪದೆ ನೋಡಿ. ಬೆವರು, ನಡುಕ ಬಂದರೆ ರಕ್ತದಲ್ಲಿ ಸಕ್ಕರೆ ತೀರಾ ಇಳಿದಿದೆ ಅಂತ. ಮೊದಲು ಸಕ್ಕರೆ ನೀರು, ಆಮೇಲೆ ಕೂಗು.